ಹಫೂಫ್‌ನ ಬಟ್ಟಲು

ಮಿಸ್ಫರ್ ಅವರನ್ನು ನಾನು ಮೊದಲು ಕಂಡ ದಿನ ಅವರು ನನ್ನನ್ನು ಗದರಿಸಿಯೇ ಮಾತಿಗೆ ತೊಡಗಿದರು.

"ಕಾಲೆತ್ತಯ್ಯಾ, ಕಾಲೆತ್ತು! ರಿಯಾದ್ ಮೇಲೆ ನಿಂತಿದ್ದೀಯ!"

ದೋಹಾದ ಮಗ್ಗುಲಿನ ರಯ್ಯಾನ್‌ನಲ್ಲಿ ಅವರ ಮನೆಯ ಹಿಂಭಾಗದ ಎರಡು ಕೋಣೆ ಖಾಲಿ ಇವೆಯೆಂದು ಕೇಳಿ ನಾನು ಬಾಡಿಗೆಗೆ ವಿಚಾರಿಸಲು ಹೋಗಿದ್ದೆ. ಗೇಟಿನ ಎದುರಿಗೇ ಮಜ್ಲಿಸ್, ಗಂಡಸರು ಬಂದವರೊಡನೆ ಕೂರುವ ಹಜಾರ. ಬಾಗಿಲು ತೆರೆದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟವನು ಕೆಳಗೆ ನೋಡಿದರೆ ಕಂಬಳಿಯ ಮೇಲೆ ಹಿಡಿಯಿಲ್ಲದ ಪುಟ್ಟ ಕಾಫಿ ಬಟ್ಟಲುಗಳು ಅಲ್ಲೊಂದು ಇಲ್ಲೊಂದು ಕೂತಿದ್ದವು. ಒಂದು ನನ್ನ ಹೆಬ್ಬೆರಳಿಗೆ ತಾಗಿ ಉರುಳಿತ್ತು. ಬಟ್ಟಲು ಬಟ್ಟಲಿನ ನಡುವೆ ಖರ್ಜೂರದ ಬೀಜಗಳ ಸಾಲು. ಕೋಣೆಯ ಆ ತುದಿಯಲ್ಲಿ ಕಾಫಿಯ ಹೂಜಿ.

"ಇದು ದೋಹಾ. ಇದು ಗಡಿ, ಸಲ್ವಾ. ಇದು ಹಫೂಫ್, ನನ್ನ ತಂಗಿಯನ್ನ ಕೊಟ್ಟ ಊರು. ನೀನು ಬೀಳಿಸಿದ್ದು ರಿಯಾದ್. ಆ ಹೂಜಿ ತಾಯಿಫ್ ಬೆಟ್ಟ. ಬೀಜಗಳು ಪೆಟ್ರೋಲ್ ಬಂಕು. ಒಳ್ಳೆ ಬಂಕು ಮಾತ್ರ ಇಟ್ಟಿದೀನಿ, ಪಾಯಿಖಾನೆ ಚೊಕ್ಕಟವಾಗಿರೋದು. ಕೂತ್ಕೋ. ಯಾರು ನೀನು?"

ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಮಾಸ್ತರನೆಂದೆ. ಅವರು ಸರ್ರನೆ ನೆಟ್ಟಗೆ ಕುಳಿತರು. "ಉಸ್ತಾದರಾ? ಮೊದ್ಲೇ ಹೇಳ್ಬಾರ್ದಾ! ಬನ್ನಿ, ಬನ್ನಿ, ರಿಯಾದ್ ಮೇಲೆ ನಿಂತ್ರೂ ಪರವಾಗಿಲ್ಲ." ಅಂದಿನಿಂದ ನಾನು ಅವರಿಗೆ ಉಸ್ತಾದ್, ಅವರು ನನಗೆ ಬೂ ನಾಯಿಫ್, ನಾಯಿಫನ ತಂದೆ. ಅಲ್ಲಿ ಮಕ್ಕಳಾದವರನ್ನು ಬರಿಯ ಹೆಸರಿನಿಂದ ಕರೆಯುವವರಿಲ್ಲ.

ಅವರು ನಗರಸಭೆಯಲ್ಲಿ ಸೊಳ್ಳೆ, ಜಿರಲೆಗಳಿಗೆ ಔಷಧಿ ಹೊಡೆಯುವ ವಿಭಾಗದ ಮೇಲ್ವಿಚಾರಕರಾಗಿದ್ದರು. ಆ ಕೆಲಸದ ಬಗ್ಗೆ ಅವರ ಬಾಯಲ್ಲಿ ನಾನು ಮಾತೇ ಕೇಳಲಿಲ್ಲ. ವರ್ಷಕ್ಕೊಮ್ಮೆ ಹಬ್ಬದ ದೀರ್ಘ ರಜೆಗೆ ಗಡಿ ದಾಟಿ ಸೌದಿಗೆ ಹೋಗುವ ಪಯಣವೇ ಅವರ ನಿಜವಾದ ಉದ್ಯೋಗ. ಇಲ್ಲಿಂದ ಒಂದು ಗಾಡಿ ಹೊರಟು ಹಫೂಫ್‌ಗೆ ಹೋಗುವುದು, ಅಲ್ಲಿ ತಂಗಿಯ ಮನೆಯಲ್ಲಿ ತಂಗುವುದು, ಆಮೇಲೆ ತಂಗಿಯ ಗಾಡಿಯೂ ಸೇರಿ ಎರಡು ಗಾಡಿ ಮರುಭೂಮಿ ಹಾಯ್ದು ತಾಯಿಫ್‌ನ ತಂಪಿಗೆ ಏರುವುದು. ಹಬ್ಬಕ್ಕೆ ತಿಂಗಳುಗಳಿರುವಾಗಲೇ ಬಟ್ಟಲುಗಳು ಕಂಬಳಿಯ ಮೇಲೆ ಇಳಿಯುತ್ತಿದ್ದವು.

ತಂಗಿಯ ಹೆಸರು ಹಿಸ್ಸಾ. ನಮ್ಮಲ್ಲಿ ಹಿಸ್ಸೆಯೆಂದರೆ ಪಾಲು. ಅರಬರಲ್ಲೂ ಅದೇ ಅರ್ಥವೆಂದು ತಿಳಿದಾಗ ನನಗೆ ಸಂತೋಷವಾಯಿತು. ನಮ್ಮೂರ ಶಾನುಭೋಗರ ಬಾಯಲ್ಲಿ ಜಮೀನಿನ ಜೊತೆಗೆ ಬರುತ್ತಿದ್ದ ಶಬ್ದ ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರು. ಇದನ್ನು ಹೇಳಿದೆ. "ಸರಿಯಾಗೇ ಇದೆ ಉಸ್ತಾದ್," ಎಂದರು ಮಿಸ್ಫರ್. "ನಮ್ಮಮ್ಮ ಸತ್ತಾಗ ಇವಳಿಗಿನ್ನೂ ಹಲ್ಲು ಬಂದಿರ್ಲಿಲ್ಲ. ಅಪ್ಪಂಗೆ ಒಂಟೆ ಹಿಂಡು ಹೋಯ್ತು, ನನ್ನ ಪಾಲಿಗೆ ಇವಳು ಬಂದ್ಲು. ಆಡಿನ ಹಾಲು ಕುಡಿಸಿ ಹೆಗಲ ಮೇಲೆ ಕೂರಿಸ್ಕೊಂಡು ಸಾಕ್ದೆ. ಆ ಸೊಕ್ಕು ಇನ್ನೂ ಇಳಿದಿಲ್ಲ."

ಸೊಕ್ಕು ನಿಜ. ಸಂಜೆಯ ಪ್ರಾರ್ಥನೆಗೆ ಮುಂಚೆ ಫೋನು ಬರುತ್ತಿತ್ತು. ಮಿಸ್ಫರ್ ಅದನ್ನು ಹಫೂಫ್‌ನ ಬಟ್ಟಲಿನ ಪಕ್ಕದಲ್ಲೇ ಇಟ್ಟು ಎಲ್ಲರಿಗೂ ಕೇಳುವಂತೆ ಮಾಡುತ್ತಿದ್ದರು.

"ಅಣ್ಣಾ, ಈ ಸಲನಾದ್ರೂ ಮುಂದೆ ಹೋಗ್ತೀಯೋ, ಇಲ್ಲಾ ಹೋದ್ಸಲದ ಹಾಗೆ ಮರಳು ಲಾರಿ ಹಿಂದೆ ಹಿಂದೆನೇ ಬರ್ತೀಯೋ? ನಿನ್ ಗಾಡಿಗಿಂತ ಒಂಟೆ ವಾಸಿ."

"ಒಂಟೆಗೆ ದಾರಿನಾದ್ರೂ ಗೊತ್ತಿರುತ್ತೆ ಕಣೇ. ನಿನ್ ಗಂಡ ರಿಯಾದ್ ಸುತ್ತುದಾರೀಲಿ ಅದೇ ಮಸೀದಿನ ಮೂರು ಸಲ ತೋರಿಸ್ದ. ಕೊನೆಗೆ ಆ ಇಮಾಮ್ ನಮಗೆ ಕೈ ಬೀಸಿದ್ರು."

ಹಿಂದಿನಿಂದ ಆಕೆಯ ಗಂಡ ಬೂ ಮಾಜಿದ್ ನಗುವುದು ಕೇಳಿಸುತ್ತಿತ್ತು. ಒಳಬಾಗಿಲ ಹಿಂದೆ ಮಿಸ್ಫರ್ ಅವರ ಹೆಂಡತಿ ಉಮ್ಮ್ ನಾಯಿಫ್ ಕೂಡ ನಗುತ್ತಿದ್ದರು. ಒಂದು ವರ್ಷ ನನ್ನನ್ನೂ ಹಫೂಫ್‌ವರೆಗೆ ಕರೆದೊಯ್ದಿದ್ದರು. ಅಂಗಳದಲ್ಲಿ ಗಾಡಿ ನಿಲ್ಲುವ ಮೊದಲೇ ಹಿಸ್ಸಾ ಓಡಿ ಬಂದು, ಮುಸುಕಿನೊಳಗಿಂದಲೇ ಅಲ್ಲಿ ಹಿರಿಯರಿಗೆ ಮರ್ಯಾದೆ ಸಲ್ಲಿಸುವಂತೆ ಅಣ್ಣನ ಮೂಗಿಗೂ ಹಣೆಗೂ ಮುತ್ತಿಟ್ಟಿದ್ದನ್ನು ನಾನು ದೂರದಿಂದ ನೋಡಿದ್ದೇನೆ. ಮಿಸ್ಫರ್ ಆ ಊರಿನದೇ ಖರ್ಜೂರವನ್ನು ಬೀಜ ತೆಗೆದು ತಂಗಿಯ ಕೈಗಿಟ್ಟರು. ಹಲ್ಲಿಲ್ಲದ ಕೂಸಿಗೆ ಕೊಟ್ಟಂತೆ. ಆಕೆಗೆ ಆಗ ನಲವತ್ತು ದಾಟಿತ್ತು.

ಆಮೇಲೆ ಎರಡು ದೇಶಗಳ ನಡುವೆ ಮುನಿಸು ಬಂದು ಗಡಿ ಮುಚ್ಚಿತು. ರಂಜಾನ್ ನಡೆದಿತ್ತು, ಹಬ್ಬ ಹತ್ತಿರವಿತ್ತು, ಬಟ್ಟಲುಗಳು ಕಂಬಳಿಯ ಮೇಲಿದ್ದವು. ದೊಡ್ಡವರ ಜಗಳದ ಕಾರಣಗಳನ್ನು ಬರೆಯಲು ನಾನು ಯೋಗ್ಯನಲ್ಲ. ನನಗೆ ಗೊತ್ತಿರುವುದು ಆ ಮಜ್ಲಿಸ್‌ನಲ್ಲಿ ಆದದ್ದು ಮಾತ್ರ. ಮಿಸ್ಫರ್ ತಂಗಿಗೆ ಫೋನು ಮಾಡಿ, "ಇದೆಲ್ಲಾ ಹಬ್ಬದೊಳಗೆ ಸರಿಹೋಗುತ್ತೆ, ನಿನ್ ಗಾಡಿ ಚಕ್ರ ಬದಲಾಯಿಸ್ಕೋ" ಎನ್ನುತ್ತಿದ್ದರು. ಆಗ ಹಿಸ್ಸಾಳ ಮಗ ಮಾಜಿದ್ ಮಾತಿನ ನಡುವೆ ಬಾಯಿ ಹಾಕಿದ. ಕಾಲೇಜು ಓದುತ್ತಿದ್ದ ಬಿಸಿರಕ್ತದ ಹುಡುಗ.

"ನಿಮ್ಮವರು ನೆಟ್ಟಗಿದ್ದಿದ್ರೆ ಹೀಗಾಗ್ತಿರ್ಲಿಲ್ಲ."

ಮಿಸ್ಫರ್ ಅವರ ಕೈಯ ಜಪಮಣಿ ನಿಂತಿತು. "ನಿಮ್ಮವರು ಅಂದ್ರೆ ಯಾರೋ? ನಾನು ಯಾರವನು? ನಿಮ್ಮಮ್ಮ ಯಾರವಳು?"

ಹಿಸ್ಸಾ ಆ ಕಡೆ ಫೋನಿನ ಬಳಿಯೇ ಇದ್ದರು. ಬಳೆಯ ಸದ್ದು ನನಗೂ ಕೇಳಿಸಿತ್ತು. 'ಬಾಯ್ಮುಚ್ಚು' ಎಂದು ಮಗನಿಗೆ ಹೇಳಲಿಲ್ಲ. ಗಡಿಯಾಚೆಯವರೊಡನೆ ಫೋನಿನಲ್ಲಿ ಆಡುವ ಮಾತಿಗೂ ಜನ ಹೆದರುತ್ತಿದ್ದ ದಿನಗಳವು, ಆಕೆಯೂ ಹೆದರಿರಬಹುದು. ಆದರೆ ಮಿಸ್ಫರ್‌ಗೆ ಹುಡುಗನ ಮಾತಿಗಿಂತ ತಂಗಿಯ ಮೌನವೇ ನಾಟಿತು. ಸರ್ವನಾಮವು ಹೆಸರಿನ ಬದಲಿಗೆ ಬರುತ್ತದೆ ಎಂದು ಜೀವಮಾನವೆಲ್ಲ ಪಾಠ ಹೇಳಿದವನು ನಾನು. 'ಮಾಮ' ಇದ್ದ ಜಾಗಕ್ಕೆ 'ನಿಮ್ಮವರು' ಬಂದು ಕುಳಿತದ್ದನ್ನು ಆ ದಿನ ಕಣ್ಣಾರೆ ಕಂಡೆ.

ಮರುವರ್ಷ ಹಫೂಫ್‌ನಲ್ಲಿ ಹಿಸ್ಸಾಳ ಗಂಡ ಬೂ ಮಾಜಿದ್ ತೀರಿಕೊಂಡರು. ಮಿಸ್ಫರ್ ಕಣ್ಣೊರೆಸಿಕೊಂಡು ಫೋನು ಮಾಡಿದರು. ಮಾಜಿದ್ ಎತ್ತಿದ. "ಅಮ್ಮ ಹೇಳ್ತಿದಾಳೆ, ಸಾವಿನ ಮಾತು ಫೋನಲ್ಲಿ ಬೇಡವಂತೆ. ಬಂದು ಹೇಳ್ಬೇಕಂತೆ."

"ಗಡಿ ಬಾಗಿಲು ಹಾಕಿದೆ ಅಂತ ಅವಳಿಗೆ ಗೊತ್ತಿಲ್ವಾ?" ಎಂದು ಮಿಸ್ಫರ್ ಕೂಗಾಡಿದರು.

"ಗೊತ್ತು," ಎಂದರು ಒಳಬಾಗಿಲ ಹಿಂದಿನಿಂದ ಉಮ್ಮ್ ನಾಯಿಫ್. "ತೆಗೆದ ದಿನ ಬಾ ಅಂತ ಅರ್ಥ. ಹೆಂಗಸರ ಮಾತು ನಿಮಗೆ ಯಾವಾಗ ಅರ್ಥವಾಗಿದೆ!"

ಬಾಗಿಲು ತೆಗೆಯಿತು. ಮಧ್ಯೆ ವರ್ಷಗಳು ಹೋಗಿದ್ದವು. ಜನ ಗಾಡಿಗಳ ಹಾರನ್ ಹೊಡೆಯುತ್ತ ಗಡಿಯ ಕಡೆ ಓಡಿದರು. ಮಿಸ್ಫರ್ ಕೂಡ ಲ್ಯಾಂಡ್ ಕ್ರೂಸರ್ ತೊಳೆಸಿದರು, ಐಸಿನ ಹೊಸ ಪೆಟ್ಟಿಗೆ ತಂದರು, ಬಟ್ಟಲುಗಳನ್ನು ಹರವಿದರು. ಇನ್ನೇನು ಹೊರಡುತ್ತಾರೆ ಎಂದುಕೊಂಡೆ. ಮೊದಲು ಕೊರೋನಾ ಪರೀಕ್ಷೆಯ ಕಿರಿಕಿರಿ ಎಂದರು. ಅದು ಮುಗಿದ ಮೇಲೆ ಬಿಸಿಲು ಎಂದರು. ಕೊನೆಗೆ ಹಬ್ಬ ಹತ್ತಿರ ಬಂದಾಗ ನಿಜವಾದ ಮಾತು ಹೊರಬಿತ್ತು.

"ಅವಳೇ ಬರ್ಲಿ. ಹಬ್ಬಕ್ಕೆ ಚಿಕ್ಕೋರು ದೊಡ್ಡೋರ ಮನೆಗೆ ಬರ್ಬೇಕು. ಇದು ನಾನು ಮಾಡಿದ ಕಟ್ಟಳೆ ಅಲ್ಲ."

"ಸಾವಾದ ಮನೆಗೆ ದೊಡ್ಡೋರೇ ಹೋಗ್ಬೇಕು. ಅದೂ ನಾನು ಮಾಡಿದ ಕಟ್ಟಳೆ ಅಲ್ಲ," ಎಂದರು ಉಮ್ಮ್ ನಾಯಿಫ್. "ಸಾವು ಮೊದ್ಲು, ಹಬ್ಬ ಆಮೇಲೆ."

"ಹೋಗೋಣ. ಇನ್ಶಾ ಅಲ್ಲಾ."

ದೇವರಿಚ್ಛೆಯಿದ್ದರೆ ಎಂಬ ಆ ಎರಡು ಪದಗಳನ್ನು ಅವರು ಹೇಳಿದ ರೀತಿಯಲ್ಲೇ ಹೋಗುವುದಿಲ್ಲ ಎಂಬುದು ಮನೆಯವರಿಗೆಲ್ಲ ತಿಳಿಯಿತು. ಅತ್ತ ಹಿಸ್ಸಾ ಕೂಡ ಹಾಗೆಯೇ ಕುಳಿತಿದ್ದರಂತೆ. ನನ್ನ ಗಂಡನ ಸಾವಿಗೆ ಒಂದು ಮಾತು ಆಡದವನ ಹೊಸ್ತಿಲು ನಾನು ತುಳಿಯುವುದಿಲ್ಲ ಎಂದು. ಇಬ್ಬರದೂ ಶಾಸ್ತ್ರಸಮ್ಮತವಾದ ಹಟ. ಇಬ್ಬರೂ ಸರಿಯಾಗಿದ್ದಾಗ ಬಿಡಿಸಲು ಬಂದವರಿಗೆ ಹಿಡಿಯಲು ತುದಿಯೇ ಸಿಗುವುದಿಲ್ಲ.

ಫುಟ್‌ಬಾಲ್ ವಿಶ್ವಕಪ್ ದೋಹಾಕ್ಕೆ ಬಂದ ಚಳಿಗಾಲ, ಗಡಿಯಾಚೆಯಿಂದ ಗಾಡಿಗಳ ಹೊಳೆಯೇ ಹರಿಯಿತು. ಒಂದು ಮಧ್ಯಾಹ್ನ ಮಿಸ್ಫರ್ ಮತ್ತು ನಾನು ಮಜ್ಲಿಸ್‌ನಲ್ಲಿ ಕುಳಿತಿದ್ದೆವು. ಮನೆಯಲ್ಲೇ ಇದ್ದುದರಿಂದ ಅವರು ಬರಿತಲೆಯಲ್ಲಿದ್ದರು, ನರೆತ ಕೂದಲು ಕೆದರಿತ್ತು. ಗೇಟಿನ ಹೊರಗೆ ಸೌದಿ ನಂಬರಿನ ದೊಡ್ಡ ಗಾಡಿಯೊಂದು ನಿಂತಿತು. ಮಾಜಿದ್ ಇಳಿದು ಬಂದ. ಗಡ್ಡ ಬಿಟ್ಟಿದ್ದ, ಹೆಗಲ ಮೇಲೆ ಖರ್ಜೂರದ ಪೆಟ್ಟಿಗೆ. ಬಾಗಿ ಮಾಮನ ಮೂಗಿಗೆ ಮುತ್ತಿಟ್ಟ. ಮಿಸ್ಫರ್ ತಡೆಯಲಿಲ್ಲ. ನಾನು ಕಾಫಿ ಬಗ್ಗಿಸಿದೆ. ಒಂದೇ ಬಟ್ಟಲು ಕುಡಿದು, ಸಾಕೆಂಬುದಕ್ಕೆ ಅದನ್ನು ಅಲ್ಲಾಡಿಸಿ ಕೊಟ್ಟ.

"ಮಾಮಾ, ಅವತ್ತಿನ ಮಾತು ಮನಸ್ಸಲ್ಲಿಟ್ಕೋಬೇಡ. ಬುದ್ಧಿ ಇರ್ಲಿಲ್ಲ."

"ಹುಡುಗ್ರ ಮಾತು ಯಾರು ಇಟ್ಕೋತಾರೆ," ಎಂದರು ಮಿಸ್ಫರ್. ಕಣ್ಣು ಗೇಟಿನ ಮೇಲಿತ್ತು. "ನಿಮ್ಮಮ್ಮ?"

"ಗಾಡೀಲಿದಾಳೆ."

ಉಮ್ಮ್ ನಾಯಿಫ್ ಆಗಲೇ ಹಿಂಬಾಗಿಲಿನಿಂದ ಓಡಿ ಗಾಡಿಯ ಬಳಿ ಸೇರಿದ್ದರು. ಅವರ ಅಳುವೂ ಬೇಡಿಕೆಯೂ ಇಲ್ಲಿಯವರೆಗೆ ಕೇಳಿಸಿತು. "ಇಳಿಯೇ ತಾಯಿ, ಬಿಸಿಲು. ಒಂದು ಹೆಜ್ಜೆ ಇಳಿ." ಒಳಗಿನಿಂದ ಹಿಸ್ಸಾಳ ಗಟ್ಟಿ ದನಿ: "ಕಾಣಿಸ್ತಿದಾನೆ ಬಿಡು, ಅಲ್ಲೇ ಕೂತಿದಾನೆ. ಅವನು ಎದ್ದು ಬಂದು ಹೇಳೋ ಮಾತೊಂದಿದೆ. ಹೇಳ್ಲಿ, ನಾನೇ ಓಡಿ ಬರ್ತೀನಿ."

ನಾನು ಮಿಸ್ಫರ್ ಅವರ ಮೊಣಕಾಲು ಮುಟ್ಟಿದೆ. "ಬೂ ನಾಯಿಫ್, ಎಷ್ಟು ದಾರಿ ಹಾಕಿದಿರಿ ಈ ಕಂಬಳಿ ಮೇಲೆ. ಇದು ಗೇಟಿನವರೆಗೆ."

ಅವರು ನನ್ನನ್ನು ನೋಡಿದರು. ಗೇಟನ್ನು ನೋಡಿದರು. ನೆಲಕ್ಕೆ ಕೈಯೂರಿ ಎದ್ದರು. ಗೇಟಿಗೇ ಹೊರಟರು ಎಂದುಕೊಂಡೆ. ಆದರೆ ಎದ್ದವರು ಹೊರಗೆ ಹೋಗಲಿಲ್ಲ. ತಲೆಯ ಮೇಲೆ ಕೈಯಾಡಿಸಿಕೊಂಡು ತಟಕ್ಕನೆ ತಿರುಗಿ ಒಳಮನೆಗೆ ನಡೆದರು.

ಸಾವಿನ ಮಾತನ್ನು ಬರಿತಲೆಯಲ್ಲಿ ಆಡುವಂತಿಲ್ಲ. ತಲೆಗೆ ವಸ್ತ್ರ ಹೊದೆದು, ಅದರ ಮೇಲೆ ಕರಿಯ ಹುರಿ ಬಿಗಿದುಕೊಂಡೇ ಆಡಬೇಕು. ಅವರು ಒಳಗೆ ಹೋದದ್ದು ಅದಕ್ಕೆ. ಕನ್ನಡಿಯ ಮುಂದೆ ವಸ್ತ್ರದ ಮಡಿಕೆ ಸರಿಮಾಡುತ್ತಿದ್ದರು. ಆದರೆ ಗಾಡಿಯ ಕಿಟಕಿಯಿಂದ ನೋಡುತ್ತಿದ್ದ ತಂಗಿಗೆ ಕಂಡದ್ದು ಒಂದೇ: ಅಣ್ಣ ಎದ್ದ, ಬೆನ್ನು ತಿರುಗಿಸಿದ, ಒಳಗೆ ಹೋದ.

ಹಿಸ್ಸಾ ಗಾಡಿಯ ಹಾರನ್ ಒತ್ತಿ ಮಗನನ್ನು ಕರೆದರು. ಮಾಜಿದ್ ಗಾಬರಿಯಿಂದ ಹೊರಗೋಡಿದ. "ನಿಲ್ಲಪ್ಪಾ, ಬರ್ತಿದಾರೆ!" ಎಂದು ನಾನು ಕೂಗಿಕೊಂಡು ಚಪ್ಪಲಿಗೆ ಕಾಲು ಹುಡುಕುವಷ್ಟರಲ್ಲಿ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು. ಮಿಸ್ಫರ್ ಮದುವೆಗೆ ಹೊರಟವರಂತೆ ನೀಟಾಗಿ ಹೊರಬಂದು ನಿಂತಾಗ, ಬೀದಿಯಲ್ಲಿ ಉಮ್ಮ್ ನಾಯಿಫ್ ಒಬ್ಬರೇ ಇದ್ದರು.

ಆ ಸಂಜೆಯೇ ಉಮ್ಮ್ ನಾಯಿಫ್ ಫೋನು ಮಾಡಿ ನಡೆದದ್ದನ್ನು ನಾದಿನಿಗೆ ಬಿಡಿಸಿ ಹೇಳಿದರು. ಹಿಸ್ಸಾ ಎಲ್ಲವನ್ನೂ ಕೇಳಿಸಿಕೊಂಡರಂತೆ. ಆಮೇಲೆ ಒಂದೇ ಮಾತು. "ತಲೆಗೆ ಬಟ್ಟೆ ಹಾಕ್ಕೊಳೋದಕ್ಕೆ ಅವನಿಗೆ ಇಷ್ಟು ವರ್ಷ ಬೇಕಾಯ್ತಾ?"

ಹೆಂಡತಿ ಅದನ್ನು ಮುಚ್ಚಿಡಲಿಲ್ಲ, ಗಂಡನಿಗೆ ಹಾಗೆಯೇ ಹೇಳಿದರು. ಮಿಸ್ಫರ್ ಖರ್ಜೂರದ ಪೆಟ್ಟಿಗೆಯನ್ನು ಮಸೀದಿಗೆ ಕಳಿಸಿದರು. ನಾಳೆಯೇ ಹೊರಡಿ, ನಾನೂ ಬರುತ್ತೇನೆ ಎಂದು ನಾನು ಎಷ್ಟೋ ಸಲ ಹೇಳಿದೆ. "ಈಗ ಹೋದ್ರೆ ಆ ಮಾತಿಗೆ ಹೆದರಿ ಬಂದ ಅಂತಾಳೆ ಉಸ್ತಾದ್," ಎಂದರು.

ಹಿಸ್ಸಾ ಈಗಲೂ ಹಫೂಫ್‌ನಲ್ಲಿದ್ದಾರೆ; ಮಂಡಿನೋವು ಹೆಚ್ಚಾಗಿ ಗಾಡಿ ಹತ್ತುವುದು ಕಷ್ಟವಂತೆ. ರಸ್ತೆ ತೆರೆದೇ ಇದೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಮಿಸ್ಫರ್ ನಿವೃತ್ತರಾಗಿದ್ದಾರೆ. ನಾನೂ ನಿವೃತ್ತ, ದೋಹಾದಲ್ಲೇ ನೌಕರಿ ಮಾಡುವ ಮಗಳ ವೀಸಾದ ಆಸರೆಯಲ್ಲಿ ಅದೇ ಹಿಂದಿನ ಕೋಣೆಗಳಲ್ಲಿದ್ದೇನೆ. ಹಬ್ಬದ ರಜೆ ಹತ್ತಿರ ಬಂದರೆ ಬೀದಿಯ ಗಂಡಸರು ದಾರಿ ಕೇಳಲು ಬರುತ್ತಾರೆ. ಅವರಿಗೆಂದು ಮಿಸ್ಫರ್ ಬಟ್ಟಲುಗಳನ್ನು ಹರವುತ್ತಾರೆ, ಬೀಜ ಜೋಡಿಸುತ್ತಾರೆ, ಯಾವ ಬಂಕಿನ ಚಹಾ ಕುಡಿಯಬಾರದೆಂದು ಹೇಳುತ್ತಾರೆ. ಹೋದ ಹಬ್ಬಕ್ಕೆ ಪಕ್ಕದ ಮನೆಯವರು ಸಲ್ವಾ ಮತ್ತು ರಿಯಾದ್‌ಗಳ ನಡುವಿನ ಖಾಲಿ ಜಾಗ ತೋರಿಸಿ, "ಇಲ್ಲಿ ಹಫೂಫ್ ಬರಲ್ವಾ?" ಎಂದು ಕೇಳಿದರು.

"ಬರುತ್ತೆ. ನಿಮಗೆ ಅಲ್ಲೇನು ಕೆಲಸ?" ಎಂದರು ಮಿಸ್ಫರ್. ಆ ಬಟ್ಟಲು ಅವರ ಮಡಿಲಲ್ಲಿತ್ತು.

ಮನೆಯಲ್ಲಿ ಅವರನ್ನು ಬರಿತಲೆಯಲ್ಲಿ ನಾನು ಈಗ ಕಾಣುವುದಿಲ್ಲ. ಜುಲೈ ತಿಂಗಳ ಧಗೆಯಲ್ಲೂ ಮಧ್ಯಾಹ್ನದ ನಿದ್ದೆಯಿಂದ ಎದ್ದೊಡನೆ ಇಸ್ತ್ರಿ ಮಾಡಿದ ವಸ್ತ್ರ ಹೊದೆದು, ಕರಿ ಹುರಿ ಬಿಗಿದು, ಬಾಗಿಲು ತೆರೆದು ಗೇಟಿಗೆ ಎದುರಾಗಿ ಕುಳಿತುಕೊಳ್ಳುತ್ತಾರೆ. ನೀರಿನ ಲಾರಿ ಬಂದು ಹಾರನ್ ಹೊಡೆದರೂ ಅವರ ಕೈ ಮೊದಲು ತಲೆಗೆ ಹೋಗಿ, ಹುರಿ ನೆಟ್ಟಗಿದೆಯೇ ಎಂದು ಮುಟ್ಟಿ ನೋಡುತ್ತದೆ.