ಅತ್ತೆ, ನಾನು ಮತ್ತು ಒಡೆದ ಆಯಿಲ್ ಚೇಂಬರ್

ತೆಲಿಗಿಯಿಂದ ಹರಪನಹಳ್ಳಿಗೆ ವಾಪಸ್ ಬರುವಾಗ ರಸ್ತೆಯಲ್ಲಿ ಬಿದ್ದಿದ್ದ ಕಲ್ಲನ್ನು ನಾನು ನೋಡದೆ ಇರಲಿಲ್ಲ. ನೋಡಿದೆ, ಎರಡು ಗಾಲಿಗಳ ನಡುವೆ ಹಾದುಹೋಗುತ್ತದೆ ಎಂದುಕೊಂಡೆ. ಗಾಲಿಗಳೇನೋ ಹಾದುಹೋದವು, ಕಾರಿನ ಹೊಟ್ಟೆ ಹೋಗಲಿಲ್ಲ. ಅಡಿಯಲ್ಲಿ ಢಣ್ ಎಂದಿತು. ಸ್ವಲ್ಪ ಹೊತ್ತಿಗೆ ಸ್ಟೇರಿಂಗಿನ ಹಿಂದೆ ಎಣ್ಣೆಗಿಂಡಿ ಚಿತ್ರದ ಕೆಂಪು ದೀಪ ಹೊತ್ತಿತು. ಗಾಬರಿಯಾಗಿ ಎಂಜಿನ್ ಆಫ್ ಮಾಡಿ ಇಳಿದರೆ, ಬಂದ ದಾರಿಯುದ್ದಕ್ಕೂ ಕಪ್ಪು ಎಣ್ಣೆಯ ಗೆರೆ. ಕಾರಿಗೆ ಹತ್ತೊಂಬತ್ತು ವರ್ಷ. ನಾನು ಡ್ರೈವಿಂಗ್ ಕಲಿತು ನಾಲ್ಕು ತಿಂಗಳು. ಕೊನೆಗೆ ಹಾದಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದು ತಂದು ಮನೆ ಮುಂದೆ ಬಿಟ್ಟರು.

ಪಕ್ಕದ ಮನೆಯ ಚಾಚಾ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ಮೊಣಕಾಲು ಬಗ್ಗುವುದಿಲ್ಲವೆಂದು ಗ್ಯಾರೇಜ್ ಮುಚ್ಚಿದ್ದಾರೆ. ಕಾರಿನ ಕೆಳಗೆ ಫೋನ್ ಚಾಚಿ ನಾನು ತೆಗೆದ ಫೋಟೋವನ್ನು ಅವರು ಹಿಂದೆ ಮುಂದೆ ಹಿಡಿದು ನೋಡಿದರು.

"ಆಯಿಲ್ ಚೇಂಬರ್ ಒಡದೈತಿ ನೋಡಮ್ಮಾ. ಎಂಜಿನ್ ಕೆಳಗ ಎಣ್ಣಿ ನಿಲ್ಲೋ ತಟ್ಟಿ ಅದು. ಬೋಲ್ಟ್ ಬಿಚ್ಚೋದು, ಹೊಸದು ಕೂಡ್ಸೋದು, ಅಷ್ಟೇ. ಮನಿ ಮುಂದನ ಮಾಡಬೋದು. ನನ್ನ ಕಾಲು ಕೆಲಸ ಮಾಡಂಗಿಲ್ಲ, ಬಾಯಿ ಮಾಡ್ತೈತಿ."

"ಮತ್ತ ಕೈ ಯಾರದು ಚಾಚಾ?"

ಅವರು ನನ್ನ ಕೈ ನೋಡಿ ನಕ್ಕರು. ನನ್ನ ಗಂಡನ ಹೊಟ್ಟೆ ಕಾರಿನ ಕೆಳಗೆ ತೂರುವಂಥದ್ದಲ್ಲ. ಅವರು ದಾವಣಗೆರೆಗೆ ಹೋಗಿ ಹೊಸ ಚೇಂಬರ್, ಅಂಟು, ಎಂಜಿನ್ ಆಯಿಲ್ ತಂದುಕೊಟ್ಟು, ಚಹಾ ಮಾಡುವ ಕೆಲಸ ವಹಿಸಿಕೊಂಡರು.

ಭಾನುವಾರ ಬೆಳಿಗ್ಗೆ ಚಾಚಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಜಾಕ್ ಏರಿಸಿದ ಮೇಲೆ ಅವರದೇ ಕಬ್ಬಿಣದ ಸ್ಟ್ಯಾಂಡುಗಳನ್ನು ಇಡಿಸಿ, ಕಾರನ್ನು ನನ್ನಿಂದ ಅಲ್ಲಾಡಿಸಿ ನೋಡಿಸಿದ ಮೇಲೆಯೇ ಕೆಳಗೆ ಹೋಗಲು ಬಿಟ್ಟರು. ಗೋಣಿಚೀಲ ಹಾಸಿಕೊಂಡು ತೂರಿದೆ. ಹದಿನಾರು ಬೋಲ್ಟುಗಳಲ್ಲಿ ಹದಿನೈದು ಬಂದವು. ಒಂದೊಂದು ಬಂದಾಗಲೂ ಕೂಗಿ ಹೇಳಿದೆ, ಒಂದೊಂದಕ್ಕೂ ಚಾಚಾ "ಶಾಬಾಶ್" ಎಂದರು. ಹದಿನಾರನೆಯದು ಪೈಪಿನ ಹಿಂದೆ ಅಡಗಿತ್ತು, ನನ್ನ ಕೈ ಅಲ್ಲಿಗೆ ಹೋಗಲಿಲ್ಲ.

"ಸರಿ ಅತ್ಲಾಗ," ಎಂದಿತು ಒಂದು ದನಿ.

ನನ್ನ ಅತ್ತೆ! ಅರವತ್ತೇಳು ವರ್ಷ, ಕಡ್ಡಿಯಂಥ ಮೈ. ಹಡಗಲಿಯ ಹೂವಿನ ತೋಟದಲ್ಲಿ ಮಲ್ಲಿಗೆ ಬಿಡಿಸುತ್ತ, ಕಟ್ಟುತ್ತ ಬೆಳೆದವರು. ಸೀರೆಯನ್ನು ಕಚ್ಚೆ ಕಟ್ಟಿಕೊಂಡು ನನ್ನ ಪಕ್ಕ ಮಲಗಿದರು. ಬೋಲ್ಟ್ ತಿರುಗಿಸುವ ಸಣ್ಣ ಪಾನಾ ಹಿಡಿದ ಅವರ ಬೆರಳುಗಳು ಪೈಪಿನ ಹಿಂದೆ ಸಲೀಸಾಗಿ ಹೋದವು. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಬೋಲ್ಟ್ ಅವರ ಅಂಗೈಗೆ ಬಿತ್ತು.

ಚೇಂಬರ್ ಮಾತ್ರ ಹಳೆಯ ಅಂಟಿಗೆ ಕಚ್ಚಿಕೊಂಡೇ ಇತ್ತು. ಕಟ್ಟಿಗೆ ತುಂಡಿನಿಂದ ತಟ್ಟಿದೆ. ಎರಡನೇ ಏಟಿಗೆ ಕಳಚಿ, ಉಳಿದಿದ್ದ ಎಣ್ಣೆಯೆಲ್ಲ ನಮ್ಮಿಬ್ಬರ ತಲೆ ಮೇಲೆ ಸುರಿಯಿತು.

"ಹಬ್ಬದ ಎಣ್ಣಿ ನೀರಿನ ಜಳಕ ಆತು ನೋಡು," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ನನಗೆ ನಗು ಬಂತು. ಅವರಿಗೂ ಬಂತು. ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. ಅಷ್ಟರಲ್ಲಿ ಹೊರಗೆ ಕಿಟಾರನೆ ಯಾರೋ ಕಿರುಚಿದರು. ದಿನಾ ಮೊಸರು ತರುವ ಹೆಂಗಸು.

"ಅಯ್ಯಯ್ಯೋ, ಅತ್ತಿ ಸೊಸಿ ಇಬ್ಬರೂ ಗಾಡಿ ಕೆಳಗ ಸಿಕ್ಕಾರ! ಬರ್ರಿ, ಬರ್ರೀ!"

ಅವಳಿಗೆ ಕಂಡದ್ದು ನಡುಗುತ್ತಿದ್ದ ನಾಲ್ಕು ಕಾಲು. ಚಾಚಾ ವಿವರಿಸಬೇಕು, ಆದರೆ ಅವರೂ ನಗುತ್ತ ಕೆಮ್ಮುತ್ತಿದ್ದರು.

"ಸತ್ತಿಲ್ಲ ಬಿಡವ್ವಾ," ಅತ್ತೆ ಒಳಗಿನಿಂದಲೇ ಕೂಗಿದರು, "ಬೋಲ್ಟ್ ಬಿಚ್ಚಾಕತ್ತೀವಿ. ಅರ್ಧ ಲೀಟರ್ ಮೊಸರು ಇಟ್ಟು ಹೋಗು."

ಮುಖ ಒರೆಸಿಕೊಂಡು ಎಂಜಿನ್ನಿಗೆ ಅಂಟಿದ್ದ ಹಳೆಯದನ್ನೆಲ್ಲ ಕೆರೆದು ತೆಗೆದೆವು. ಹೊಸ ಚೇಂಬರಿನ ಅಂಚಿಗೆ ಟ್ಯೂಬಿನಿಂದ ಅಂಟು ಹಚ್ಚುವ ಕೆಲಸವನ್ನು ಅತ್ತೆ ಕಸಿದುಕೊಂಡರು.

"ಎಲ್ಲೂ ಗೆರಿ ತುಂಡಾಗಬಾರದ್ರಿ ಅಕ್ಕಾರ," ಎಂದರು ಚಾಚಾ.

"ಬಾಗಲಾಗ ದಿನಾ ರಂಗೋಲಿ ಎಳೀತೀನ್ರಿ ಸಾಬ್ರ, ಸುಮ್ಮನ ಕುಂದರ್ರಿ."

ಗೆರೆ ಒಂದೇ ದಪ್ಪದಲ್ಲಿ, ಬೋಲ್ಟಿನ ತೂತುಗಳನ್ನು ಬಳಸಿಕೊಂಡು, ಶುರುವಾದಲ್ಲಿಗೇ ಬಂದು ಕೂಡಿತು. ಚಾಚಾ ಕುರ್ಚಿಯಿಂದ ಕಷ್ಟಪಟ್ಟು ಎದ್ದು ನೋಡಿ, "ನನ್ನ ಕೈಲೂ ಹಿಂಗ ಬಂದಿಲ್ಲ," ಎಂದುಬಿಟ್ಟರು. ಬೋಲ್ಟುಗಳನ್ನು ಮೊದಲು ಬೆರಳಲ್ಲಿ ಕೂಡಿಸಿ, ಆಮೇಲೆ ಎದುರುಬದುರು ಒಂದೊಂದಾಗಿ ಬಿಗಿದೆವು. ಅಂಟು ಗಟ್ಟಿಯಾಗಲಿ ಎಂದು ಸಂಜೆಯವರೆಗೆ ಕಾದದ್ದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅತ್ತೆ ಹತ್ತು ಸಲ ಟಾರ್ಚ್ ಹಿಡಿದು ಬಗ್ಗಿ ನೋಡಿದರು.

ಐದು ಗಂಟೆಗೆ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಆಯಿಲ್ ಸುರಿದು ಚಾವಿ ತಿರುಗಿಸಿದೆ. ಕೆಂಪು ದೀಪ ಹೊತ್ತಿತು, ಎಂಜಿನ್ ಗುರ್ ಅಂದಿತು, ದೀಪ ಆರಿತು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ನಾನು ಕುಣಿದೇಬಿಟ್ಟೆ, ನಲವತ್ತರ ಹೆಂಗಸು, ಬೀದಿಯಲ್ಲಿ.

ಚಾಚಾರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಹಿಂದೆ ನನ್ನ ಗಂಡ, ಅವರ ಪಕ್ಕದಲ್ಲಿ ತಲೆಗೂದಲು ಇನ್ನೂ ಜಿಡ್ಡು ಜಿಡ್ಡಾಗಿದ್ದ ಅತ್ತೆ. ಬಸ್ ನಿಲ್ದಾಣ ಸುತ್ತಿ ಬಂದು ಮನೆ ಕಡೆ ತಿರುಗಿಸಿದರೆ ಅತ್ತೆ ಹಿಂದಿನಿಂದ ನನ್ನ ಭುಜ ತಟ್ಟಿದರು.

"ಲೇ, ಅವಸರ ಏನೈತಿ? ಇನ್ನೊಂದು ಸುತ್ತು ಹೊಡಿ."

ನಾಲ್ಕು ಸುತ್ತು ಹೊಡೆದೆವು.