ಫುಟ್‌ಬಾಲ್ ಉಂಡು ಉಳಿದದ್ದು

ಮೊಮ್ಮಗಳಿಗೆ ಅಮೆರಿಕದ ಒಂದು ಕಾಲೇಜಿನಿಂದ ಬಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಸಿಗುವ ಹಾಗಿದೆ ಎಂದಾಗ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರಿಗಿಂತ ಹಿಗ್ಗಿದವಳು ನಾನೇ. ಮೈಸೂರಿನ ಕಾನ್ವೆಂಟಿನಲ್ಲಿ ನಾನೂ ಆಡಿದವಳು. ನಮ್ಮ ಟೀಮಿನ ಬಜೆಟ್ ಎಂದರೆ ಒಂದು ಚೆಂಡು, ಸೈಕಲ್ ಶಾಪಿನವನ ಪಂಪು, ಗೆದ್ದ ದಿನ ಸಿಸ್ಟರ್ ಹಂಚುತ್ತಿದ್ದ ಪೆಪ್ಪರ್‌ಮಿಂಟು. ಮೊಣಕಾಲಿನ ಕೆಳಗಿಳಿಯುವ ಸ್ಕರ್ಟು ತೊಟ್ಟು ನಾವು ಹಾರಿದ್ದೇ ಹಾರಿದ್ದು!

ಆ ಕಾಲೇಜಿನ ಕೋಚ್ ವಿಡಿಯೊ ಕಾಲ್ ಮಾಡಿದ ಸಂಜೆ ಮಗ, ಸೊಸೆ ಇಬ್ಬರೂ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು.

“ಅಜ್ಜಿ, ಯೂ ಕ್ಯಾನ್ ಸಿಟ್. ಬಟ್ ನೋ ಕ್ವೆಶ್ಚನ್ಸ್, ಪ್ಲೀಸ್” ಎಂದಳು ಮೊಮ್ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ನಾನು ಬಾಯೇ ಬಿಡಲ್ಲ ಕಣೆ” ಎಂದು ಪಕ್ಕದಲ್ಲಿ ಕೂತೆ.

ಕೋಚ್ ನಗುಮೊಗದ ಹೆಂಗಸು. ‘ಫುಲ್ ರೈಡ್’ ಕೊಡುತ್ತೇವೆ ಎಂದಳು.

“ಏರ್‌ಪೋರ್ಟಿಂದ ಕಾರಲ್ಲಿ ಕರ್ಕೊಂಡು ಹೋಗ್ತಾರಂತಾ?” ಎಂದು ಪಿಸುಗುಟ್ಟಿದೆ.

“ಅಜ್ಜಿ! ಇಟ್ ಮೀನ್ಸ್ ಫೀಸ್, ರೂಮ್, ಫುಡ್, ಎವೆರಿಥಿಂಗ್!”

ಆಮೇಲೆ ಫುಟ್‌ಬಾಲಿನ ಮಾತು ಬಂತು. ಅಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಟೆಲಿವಿಷನ್ ದುಡ್ಡೆಲ್ಲ ಬರುವುದು ಅದರಿಂದಲೇ. ಈಗ ಕಾಲೇಜುಗಳು ಆಟಗಾರರಿಗೇ ನೇರವಾಗಿ ಹಣ ಕೊಡತೊಡಗಿವೆಯಂತೆ. ಅದರಲ್ಲೂ ದೊಡ್ಡ ಪಾಲು ಫುಟ್‌ಬಾಲಿಗೆ. ಮಿಕ್ಕಿದ್ದು ಬಾಸ್ಕೆಟ್‌ಬಾಲಿಗೆ. ಅಲ್ಲೂ ಹುಡುಗರು ಉಂಡೆದ್ದ ಮೇಲೆ ಹುಡುಗಿಯರ ಪಂಕ್ತಿ. ಉಳಿದದ್ದು ಸಾಲದೆ ಕೆಲವು ಕಡೆ ಟೀಮುಗಳನ್ನೇ ಮುಚ್ಚುತ್ತಿದ್ದಾರಂತೆ. ಇದನ್ನೆಲ್ಲ ಕೋಚ್ ನಗುನಗುತ್ತಲೇ ಹೇಳಿದಳು.

ತನ್ನ ಡಿಗ್ರಿ ಮುಗಿಯುವ ತನಕ ಟೀಮ್ ಇರುತ್ತದೆಯೇ ಎಂದು ಮೊಮ್ಮಗಳು ಕೇಳಿದಳು.

“ವೆಲ್... ವಿ ವಿಲ್ ಸೀ.”

ಮೊಮ್ಮಗಳು ತಟ್ಟನೆ ಮ್ಯೂಟ್ ಒತ್ತಿ ನನ್ನತ್ತ ತಿರುಗಿದಳು. “ಅಜ್ಜಿ, ದಟ್ ವಾಸ್ ಎ ‘ನೋಡೋಣ’, ವಾಸಂಟ್ ಇಟ್?”

ನಾಯಿ ಸಾಕೋಣವಾ ಎಂದರೆ ನೋಡೋಣ, ಫ್ರೆಂಡ್ ಮನೆಯಲ್ಲಿ ಮಲಗಲಾ ಎಂದರೆ ನೋಡೋಣ. ನಮ್ಮ ಮನೆಯಲ್ಲಿ ಇಲ್ಲ ಎನ್ನುವುದನ್ನು ನಾವು ಹಾಗೆಯೇ ಹೇಳುವುದು. ಹುಡುಗಿ ಅದನ್ನು ಕೇಳಿಯೇ ಬೆಳೆದವಳು.

“ನಮ್ಮ ಮನೇಲಿ ಹೇಳೋ ಥರಾನೇ ಹೇಳಿದ್ಳು ನೋಡು” ಎಂದೆ. “ಹಾಗಂತ ಫೋನ್ ಇಡ್ಬೇಡ. ಟೀಮ್ ಹೋದ್ರೆ ನಿನ್ನ ಓದಿನ ಗತಿ ಏನು, ಕೇಳು.”

“ಐ ಸೆಡ್ ನೋ ಕ್ವೆಶ್ಚನ್ಸ್!”

“ಕೇಳೋಳು ನೀನು ತಾನೆ?”

ಕೇಳಿದಳು. ಕೋಚ್ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ಟೀಮಿನ ಬಗ್ಗೆ ಮಾತು ಕೊಡಲಾರೆ, ಆದರೆ ಟೀಮ್ ಮುಚ್ಚಿದರೂ ಡಿಗ್ರಿಯವರೆಗೆ ಸ್ಕಾಲರ್‌ಶಿಪ್ ನಿಲ್ಲದು, ಬರೆದೇ ಕೊಡುತ್ತೇವೆ ಎಂದಳು. ಇದನ್ನು ಹೇಳುವಾಗ ನಗಲಿಲ್ಲ. ಅದಕ್ಕೇ ನನಗೆ ನಂಬಿಕೆ ಬಂತು.

ಕಾಲ್ ಮುಗಿಯಿತು. “ಸೋ ಐ ಮೈಟ್ ಎಂಡ್ ಅಪ್ ಜಸ್ಟ್ ಸ್ಟಡೀಯಿಂಗ್” ಎಂದಳು ಮೊಮ್ಮಗಳು, ಜೈಲಿಗೆ ಹೋಗುವವಳ ಹಾಗೆ.

“ಬೇಡಾಂದ್ರೆ ಇಲ್ಲೇ ಇರು ಪುಟ್ಟಿ.”

ಸ್ವಲ್ಪ ಹೊತ್ತು ಉಗುರು ಕಚ್ಚಿದಳು. “ನೋ ಅಜ್ಜಿ. ಈವನ್ ಒನ್ ಸೀಸನ್. ಐ ವಾಂಟ್ ಟು ಪ್ಲೇ.”

ನನ್ನ ಆಟ ಪಿಯುಸಿ ಮುಗಿಯುತ್ತಿದ್ದಂತೆ ನಿಂತಿತು, ಮದುವೆ ಗೊತ್ತಾಗಿತ್ತು. ಅದೇ ಕೊನೆಯ ಮ್ಯಾಚು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೊಂದಿಷ್ಟು ಹೊತ್ತು ಕೋರ್ಟಿನಲ್ಲೇ ಇರುತ್ತಿದ್ದೆನೇನೋ. ಇವಳಾದರೂ ಗೊತ್ತಿದ್ದೇ ಹೋಗುತ್ತಿದ್ದಾಳೆ. ಆಗಲೇ ಅವಳು ಅಮ್ಮನಿಗೆ ಫೋನ್ ಮಾಡಿ, “ಮಮ್, ಐ ಆಮ್ ಗೋಯಿಂಗ್!” ಎಂದು ಕೂಗುತ್ತಿದ್ದಳು.