ಕಾಗದದ ಹದಿನೆಂಟು

ನಾನು ಹುಟ್ಟಿದ್ದು ಜೂನ್ ಒಂದನೇ ತಾರೀಖು. ನಂಬಬೇಡಿ. ಸಂತೆಕಲ್ಲೂರಿನ ಸಾಲೆಯಲ್ಲಿ ನನ್ನ ಜೊತೆ ಓದಿದ ಮುಕ್ಕಾಲು ಮಂದಿ ಹುಟ್ಟಿದ್ದೂ ಅವತ್ತೇ. ಮಕ್ಕಳನ್ನು ಸೇರಿಸಿಕೊಳ್ಳುವಾಗ ಮಾಸ್ತರರು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ, ಜೂನ್ ಒಂದು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅವ್ವನನ್ನು ಕೇಳಿದರೆ, "ಕರಿ ಎಮ್ಮಿ ಎರಡನೇ ಸಲ ಈದಾಗ ನೀ ಹುಟ್ಟಿದಿ" ಅನ್ನುತ್ತಿದ್ದಳು. ಆ ಎಮ್ಮೆಯ ಜಾತಕ ಯಾರ ಹತ್ತಿರವೂ ಇರಲಿಲ್ಲ.

ವಯಸ್ಸಿನ ವಿಷಯದಲ್ಲಿ ನಮ್ಮದು ಹೀಗೆ ಉದಾರವಾದ ಮನೆತನ. ಹರೆಯ ಎಂಬ ಮಾತು ಹಾಡುಗಳಲ್ಲಿತ್ತು, ಮನೆಯಲ್ಲಿರಲಿಲ್ಲ. ಚಿಣಿಪಣಿ ಆಡುತ್ತಿದ್ದ ಮುತ್ಯಾನನ್ನು, ಅಂದರೆ ಅಪ್ಪನ ಅಪ್ಪನನ್ನು, ಕರೆದು ಬಾಸಿಂಗ ಕಟ್ಟಿದರಂತೆ. ಆಟ ಅರ್ಧಕ್ಕೆ ನಿಂತಿತೆಂದು ಮುತ್ಯಾ ಸಾಯುವ ತನಕ ಗೊಣಗಿದ. ಅಪ್ಪನಿಗೆ ಮೀಸೆಯೂ ಮದುವೆಯೂ ಒಂದೇ ಸುಗ್ಗಿಯಲ್ಲಿ ಬಂದವು. ಹರೆಯ ನಮ್ಮ ಮನೆಗೆ ಮೊದಲು ಬಂದದ್ದು ಎಂಬತ್ತರ ದಶಕದಲ್ಲಿ, ನನ್ನ ಜೊತೆ, ಲಿಂಗಸುಗೂರಿನ ಕಾಲೇಜು ಬಸ್ಸಿನಲ್ಲಿ. ಹಿಂದಿನ ಕಿಸೆಯಲ್ಲಿ ಬಾಚಣಿಗೆ, ಕಿವಿ ಮುಚ್ಚುವ ಕೂದಲು, ಒಂದು ಚಹಾ ಇಬ್ಬರು ಹಂಚಿಕೊಂಡು ಹೋಟೆಲಿನ ಟೇಪ್‌ರೆಕಾರ್ಡರಿನ ಮುಂದೆ ಎರಡು ತಾಸು. "ಕುರಿಗೂ ವರ್ಷಕ್ಕ ಎರಡು ಸಲ ಕತ್ತರಿ ಹಾಕ್ತಾರಲೇ, ನಿನಗ ಹಾಕವರು ಯಾರು?" ಅಂತ ಅಪ್ಪ ಬೈಯುತ್ತಿದ್ದ. ಬೈದರೂ ಬಿಟ್ಟಿದ್ದ. ಹದಿನಾರು ತುಂಬಿದ ಮಗನನ್ನು ಗೆಳೆಯನ ಹಾಗೆ ಕಾಣಬೇಕೆಂದು ಹಿಂದಿನವರು ಹೇಳಿದ್ದಾರಂತೆ. ಮಗಳನ್ನು ಹೇಗೆ ಕಾಣಬೇಕೆಂದು ಹೇಳಿದ್ದಾರೇನೋ ಎಂದು ನಾನೂ ಹುಡುಕಿದ್ದೇನೆ. ಸಿಕ್ಕಿಲ್ಲ.

ನನಗೊಬ್ಬಳು ತಂಗಿ, ಹುಲಿಗೆಮ್ಮ. ಅವ್ವ ಹೊಲಕ್ಕೆ ಹೋದರೆ ಅವಳನ್ನು ಕಾಯುವ ಕೆಲಸ ನನ್ನದು. ಅವಳಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಗೋಲಿ ಆಡುವ ಕೈ ತುರಿಸುತ್ತಿತ್ತು. ಇವಳನ್ನೂ ಸಾಲೆಗೆ ಹಾಕಿಬಿಟ್ಟರೆ ಪೀಡೆ ಕಳೆಯಿತು ಅನ್ನಿಸಿ ಒಂದು ದಿನ ಎಳೆದುಕೊಂಡು ಹೋದೆ. ಅವಳ ಬೆರಳು ಕಿವಿಗೆ ಎಲ್ಲಿ ಮುಟ್ಟಬೇಕು! ನಾನೇ ತಲೆ ಓರೆ ಮಾಡಿಸಿ, ಕೈ ಜಗ್ಗಿ ಮುಟ್ಟಿಸಿದೆ. ಮಾಸ್ತರರು ನಕ್ಕು, "ಎಷ್ಟಲೇ ಈಕಿಗೆ?" ಅಂದರು. "ಆರು ರೀ ಸರ್" ಅಂದೆ. ಬರೆದುಕೊಂಡರು. ಅವತ್ತು ಸಂಜೆ ನಾನು ಹನ್ನೊಂದು ಗೋಲಿ ಗೆದ್ದೆ.

ಹುಡುಗಿ ಚುರುಕಿದ್ದಳು. ತನಗಿಂತ ದೊಡ್ಡವರ ನಡುವೆ ಕೂತು ಓದಿ, ಮಸ್ಕಿಯಲ್ಲಿ ಎಸ್ಸೆಸ್ಸೆಲ್ಸಿ, ಲಿಂಗಸುಗೂರಿನಲ್ಲಿ ಪಿಯುಸಿ ಪಾಸು ಮಾಡಿದಳು. ಮಾಸ್ತರಿಕೆಯ ತರಬೇತಿ, ಟಿ.ಸಿ.ಎಚ್., ಮಾಡಬೇಕೆಂದು ಅರ್ಜಿ ತಂದಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಸಿಂಧನೂರಿನಿಂದ ಒಂದು ಸಂಬಂಧ ಬಂತು. ಹುಡುಗ ಸರ್ಕಾರಿ ನೌಕರಿಯವನು, ಕಾಯಿದೆಗೆ ಅಂಜುವವನು. ಹುಡುಗಿಗೆ ಹದಿನೆಂಟು ತುಂಬಿರಲೇಬೇಕು. ಕಾಗದದಲ್ಲಿ ಜೂನ್ ಒಂದಕ್ಕೆ ತುಂಬುತ್ತಿತ್ತು. ಮಾತುಕತೆಯ ಮುಂಚಿನ ದಿನ ಹುಲಿಗೆಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

"ಅಣ್ಣಾ, ನನಗ ಇನ್ನ ಹದಿನಾರು. ಮಂದಿ ಮುಂದ ಅದನ್ನ ನೀನೇ ಹೇಳಬೇಕು. ಅಪ್ಪ ನಿನ್ನ ಮಾತು ಕೇಳತಾನ. ಎರಡು ವರ್ಷ ಸಿಕ್ಕರ ಸಾಕು, ಟಿ.ಸಿ.ಎಚ್. ಮುಗಿಸಿಬಿಡ್ತೀನಿ."

"ಹೂಂ" ಅಂದೆ.

ಮರುದಿನ ಕಂಬಳಿ ಹಾಸಿ ಹಿರಿಯರು ಕೂತರು. ಹುಡುಗನ ಸೋದರಮಾವ, ನಾನು ಕಾಲೇಜು ಕಲಿತವನೆಂದು, ನನ್ನ ಕಡೆ ತಿರುಗಿ, "ಏನಪಾ, ನಿಮ್ಮ ತಂಗಿಗೆ ಹದಿನೆಂಟು ತುಂಬತಾವಲ್ಲ?" ಅಂದ. ಅಪ್ಪ ನನ್ನನ್ನೇ ನೋಡುತ್ತಿದ್ದ. ಬಾಗಿಲ ಹಿಂದೆ ಹುಲಿಗೆಮ್ಮ ನಿಂತಿದ್ದು ನನಗೆ ಗೊತ್ತಿತ್ತು. "ಸರ್ಟಿಫಿಕೇಟ್ ಐತಲ್ರಿ" ಅಂದೆ. ನೋಡಿ, ನಾನು ಸುಳ್ಳು ಹೇಳಲಿಲ್ಲ! ಕಲಿತವರು ಹೀಗೆಯೇ ಮಾತಾಡುವುದು. ಒಳ್ಳೆಯ ಸಂಬಂಧ ತಪ್ಪಿಸಿದ ಅಂತ ಅಪ್ಪನಿಂದ ಅನ್ನಿಸಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ, ಅಷ್ಟೇ. ಜೂನ್ ಒಂದು ಕಳೆದ ವಾರಕ್ಕೆ ತಂಗಿಯ ತಲೆ ಮೇಲೆ ಮದುವೆಯ ಅಕ್ಕಿಕಾಳು ಬಿದ್ದವು. ಟಿ.ಸಿ.ಎಚ್. ನಾನು ಮಾಡಿದೆ.

ನೌಕರಿ ಸಿಂಧನೂರಿನಲ್ಲೇ ಸಿಕ್ಕಿತು. ತೊಂಬತ್ತರ ದಶಕದ ಸಿಂಧನೂರೆಂದರೆ ಕಣ್ಣು ಕುಕ್ಕುವಷ್ಟು ಹರೆಯ. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿಯರು ಚೂಡಿದಾರ ಹಾಕಿಕೊಂಡು, ಬತ್ತದ ಲಾರಿಗಳ ನಡುವೆ ಸೈಕಲ್ ಬೆಲ್ಲು ಹೊಡೆಯುತ್ತಾ ಕಾಲೇಜಿಗೆ ಹೋಗುವರು. ನಮ್ಮ ಹುಡುಗಿಯರೂ ಅವರನ್ನು ನೋಡಿ ಸೈಕಲ್ ಕಲಿತರು. ಕ್ಯಾಸೆಟ್ ಅಂಗಡಿಯ ಮುಂದೆ ನಿಂತು ಹಾಡು ಆರಿಸುವರು, ಯಾವುದಕ್ಕೋ ಕಿಲಕಿಲ ನಗುವರು. ನಾನು ಎಷ್ಟು ಪೆದ್ದನೆಂದರೆ, ಕಾಲ ಕೆಟ್ಟಿತೆಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುತ್ತಿದ್ದೆ. ಆದರೆ ಅವರಲ್ಲಿ ಯಾರಾದರೂ ಹುಲಿಗೆಮ್ಮನ ಹಾಗೆ ಎರಡು ಜಡೆ ಹಾಕಿದವಳು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಹಾಗೆ ನಿಂತು ನಗಬೇಕಾಗಿದ್ದ ಎರಡು ವರ್ಷದಲ್ಲಿ ನನ್ನ ತಂಗಿ ಒಂದು ಬಾಣಂತನ ಮುಗಿಸಿದ್ದಳು.

ಒಂದು ಜೂನ್‌ನಲ್ಲಿ ಹುಲಿಗೆಮ್ಮ ಮಗಳ ಕೈ ಹಿಡಿದು ನನ್ನ ಸಾಲೆಗೆ ಬಂದಳು. ದವಾಖಾನೆಯ ಜನನ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ನೋಡಿದೆ. ಐದು ವರ್ಷ ಎರಡು ತಿಂಗಳು. ಆಗಿನ ನಿಯಮದ ಪ್ರಕಾರ ಐದು ವರ್ಷ ಹತ್ತು ತಿಂಗಳು ಬೇಕು, ಎಂಟು ತಿಂಗಳು ಕಮ್ಮಿ. ಸೋದರಸೊಸೆ ಮುದ್ದಾಗಿದ್ದಳು, ನನಗೂ ಏನಾದರೂ ಮಾಡಿಕೊಡಬೇಕೆಂಬ ಆಸೆ.

"ಎಂಟು ತಿಂಗಳು ಏನು ಮಹಾ! ಆ ಪತ್ರ ಒಳಗಿಡು. ನಾ ಸೇರಿಸಿ ಬರಕೊಂತೀನಿ. ಒಂದು ವರ್ಷ ಉಳಿತೈತಿ."

ಹುಲಿಗೆಮ್ಮ ನನ್ನ ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಉಳಿದ ವರ್ಷ ಯಾರ ಕೈಗೆ ಹೋಗತೈತಿ ಅಣ್ಣಾ?" ಅಂದಳು.

ಪತ್ರ ಮಡಚಿಕೊಂಡು ಎದ್ದಳು. ಮಗು ಅಳುಮೋರೆ ಮಾಡಿ, "ಸಾಲಿ ಬ್ಯಾಡೇನವ್ವಾ?" ಅಂತ ಕೇಳುತ್ತಿತ್ತು.

"ಈಗ ಬ್ಯಾಡ ಬೇ. ಇನ್ನೂ ಸಣ್ಣಾಕಿ ಅದಿ ನೀ" ಅಂದಳು ತಂಗಿ, ಹೊಸ್ತಿಲು ದಾಟುತ್ತಾ.

ಕಂಬಳಿಯ ಮೇಲೆ ಕೂತವರೆದುರು ಅವಳ ಬಗ್ಗೆ ನಾನು ಹೇಳಬೇಕಾಗಿದ್ದುದು ಇಷ್ಟೇ ಮಾತು.